ಸಿದ್ದಗಂಗಮ್ಮನವರ ಕತ್ತು

ಸಿದ್ದಗಂಗಮ್ಮನವರು ಯಾರ ಕಡೆಗೂ ಕತ್ತು ತಿರುಗಿಸಿ ನೋಡುವವರಲ್ಲ. ನೋಡಲೇಬೇಕೆನಿಸಿದರೆ ಪಾದದಿಂದ ನೆತ್ತಿಯವರೆಗೆ ಇಡೀ ದೇಹವನ್ನು ಒಟ್ಟಾಗಿ ತಿರುಗಿಸಿ, ಎದುರಿಗಿರುವವರನ್ನು ನೆಟ್ಟಗೆ ದಿಟ್ಟಿಸಿ, ಆಮೇಲೆ ಬಾಯಿ ತೆರೆಯುತ್ತಾರೆ. ತ್ಯಾಗರಾಜನಗರದ ನಮ್ಮ ಅಡ್ಡರಸ್ತೆಗೆ ನಾನು ಬಾಡಿಗೆಗೆ ಬಂದ ಹೊಸತರಲ್ಲಿ, ಹಾಲಿನ ಬೂತಿನ ಮುಂದೆ ಪಕ್ಕದಿಂದ ನಮಸ್ಕಾರ ಹೇಳಿದ ನನಗೆ ಉತ್ತರವಾಗಿ ಅವರು ಹೀಗೆ ತಿರುಗಿದ್ದನ್ನು ಕಂಡಾಗ, ಇಕ್ಕಟ್ಟಾದ ರಸ್ತೆಯಲ್ಲಿ ಬಿಎಂಟಿಸಿ ಬಸ್ಸು ತಿರುಗುವುದು ನೆನಪಾಗಿ ನಗು ಬಂತಾದರೂ, ಆ ನೋಟದ ಎದುರಿಗೆ ನಗಲು ಧೈರ್ಯ ಸಾಲಲಿಲ್ಲ. ಐದಡಿಗಿಂತ ಒಂದಿಷ್ಟೇ ಹೆಚ್ಚಿನ ಎತ್ತರ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಸೀರೆಯ ಮೇಲೆ ಮೇ ತಿಂಗಳಲ್ಲೂ ಬಿಡದೆ ತೊಡುವ ಗಂಡನ ಹಳೆಯ ಕಂದು ಸ್ವೆಟರು, ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬಂತಹ ನಡಿಗೆ. ಬೀದಿಯವರು ಇದನ್ನು ಬಿಂಕ ಎನ್ನುತ್ತಿದ್ದರು. ನಾನೂ ಕೆಲವು ತಿಂಗಳು ಹಾಗೆಯೇ ನಂಬಿದ್ದೆ, ಅದಕ್ಕೆ ಈಗ ನಾಚಿಕೆಪಡುತ್ತೇನೆ. ಅದು ಒಂಬತ್ತು ವರ್ಷದ ಕತ್ತು ನೋವು.

ನೋವು ಬಂದದ್ದು ಕುಚ್ಚಿನಿಂದ. ಅವರ ಮನೆಯ ಗೇಟಿಗೆ ಹಸಿರು ತಗಡಿನ ಹಲಗೆಯೊಂದಿತ್ತು: 'ಸಿದ್ದಗಂಗಮ್ಮ. ಸೀರೆಗೆ ಕುಚ್ಚು ಹಾಕಿಕೊಡಲಾಗುವುದು.' ಸೆರಗಿನ ತುದಿಯಲ್ಲಿ ಬಿಟ್ಟ ಎಳೆಗಳನ್ನು ಚಿಟಿಕೆ ಚಿಟಿಕೆಯಾಗಿ ವಿಂಗಡಿಸಿ, ರೇಷ್ಮೆ ದಾರ ಸುತ್ತಿ, ಗಂಟು ಹಾಕಿ, ನಡುನಡುವೆ ಮುತ್ತು ಪೋಣಿಸಿ, ಕ್ರೋಶಾ ಕಡ್ಡಿಯಿಂದ ಹೆಣೆದು ಇಳಿಬಿಡುವ ಈ ಸೂಕ್ಷ್ಮ ಕುಸುರಿ ಉಟ್ಟವಳ ಬೆನ್ನ ಹಿಂದೆ ತೂಗಾಡುವಂಥದ್ದು. ಉಟ್ಟವಳಿಗಿಂತ ಹಿಂದೆ ನಿಂತವರಿಗೇ ಅದರ ಸೊಗಸು ಹೆಚ್ಚು ಕಾಣುವುದು. ಇಪ್ಪತ್ತೇಳು ವರ್ಷ ಅವರು ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಮಡಚಿದ ಬಲ ಮೊಣಕಾಲಿನ ಕೆಳಗೆ ಸೆರಗಿನ ತುದಿಯನ್ನು ಸಿಕ್ಕಿಸಿಕೊಂಡು, ಗದ್ದ ಎದೆಗೆ ತಾಕುವಷ್ಟು ತಲೆ ತಗ್ಗಿಸಿ, ಜಯನಗರದಿಂದ ಜೆಪಿ ನಗರದವರೆಗಿನ ಅದೆಷ್ಟೋ ಮದುವಣಗಿತ್ತಿಯರ ಸೆರಗು ಕಟ್ಟಿದ್ದಾರೆ.

ಇಷ್ಟೇ ಆಗಿದ್ದರೆ ಇದೊಂದು ದುಡಿಮೆಯ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಆ ಮನೆಯ ಪತ್ರದಲ್ಲಿದ್ದದ್ದು ಗಂಡ ಗುರುಬಸಪ್ಪನವರ ಹೆಸರು. ಸಾರಕ್ಕಿಯ ಹಾರ್ಡ್‌ವೇರ್ ಅಂಗಡಿಯ ಮೇಲೆ ಮಗ ಸೋಮನಾಥನ ಹೆಸರು. ಅಡುಗೆಮನೆಯ ಪಾತ್ರೆಗಳ ಕಂಠದಲ್ಲಿ ಕೂಡ ತೀರಿಹೋದ ಅತ್ತೆಯ ಹೆಸರು ಕೊರೆದಿತ್ತು. ಸಿದ್ದಗಂಗಮ್ಮ ಎಂಬ ಐದಕ್ಷರ ಇದ್ದದ್ದು ಆ ತಗಡಿನ ಹಲಗೆಯ ಮೇಲೆ ಮಾತ್ರ. ಇದನ್ನು ಅವರು ಒಮ್ಮೆ ನನಗೆ ದೂರಿನ ಧ್ವನಿಯಲ್ಲಲ್ಲ, ಲೆಕ್ಕ ತಪ್ಪಿದ ವಿದ್ಯಾರ್ಥಿಗೆ ಸರಿ ಉತ್ತರ ತೋರಿಸುವ ಧ್ವನಿಯಲ್ಲಿ ಹೇಳಿದ್ದರು.

ಅವರ ಮಾತಿನಲ್ಲೊಂದು ವಿಚಿತ್ರ ರೂಢಿಯಿದೆ. ಯಾರು ಏನು ಹೇಳಿದರೂ ಮೊದಲು 'ಸರಿ' ಎನ್ನುತ್ತಾರೆ, ಹೇಳಿದವರು ಸಮಾಧಾನದ ಉಸಿರು ಬಿಡುವಷ್ಟು ಹೊತ್ತು ಕಾಯುತ್ತಾರೆ, ಆಮೇಲೆ 'ಆಗಲ್ಲ' ಎನ್ನುತ್ತಾರೆ. ನೋವಿನ ಮಾತ್ರೆಯ ವಿಷಯದಲ್ಲಿ ನಡೆದದ್ದೂ ಇದೇ. ಒಂದು ವರ್ಷ ನುಂಗಿ, ಹೊಟ್ಟೆಯೆಲ್ಲ ಉರಿದು, ಅನ್ನ ಕಂಡರೆ ಮುಖ ತಿರುಗಿಸುವ ಸ್ಥಿತಿ ಬಂದಾಗ ಅವರು ಮಾತ್ರೆಯ ಹಾಳೆಗಳನ್ನು ತಂದು ಗಂಡನ ಮುಂದಿಟ್ಟರಂತೆ. 'ನೋವಿರೋದು ಕತ್ತಲ್ಲಿ, ಈ ಮಾತ್ರೆ ಹೋಗಿ ಕೂರೋದು ಹೊಟ್ಟೇಲಿ. ನಂಗೂ ಇದಕ್ಕೂ ಸರಿಹೋಗಲ್ಲ.' ಅಲ್ಲಿಗೆ ಮಾತ್ರೆಯ ಅಧ್ಯಾಯ ಮುಗಿಯಿತು.

ಆಮೇಲೆ ಆರಂಭವಾಯಿತು ನೋಡಿ, ದಕ್ಷಿಣ ಬೆಂಗಳೂರಿನ ಉದ್ದಗಲಕ್ಕೂ ಒಂದು ಕತ್ತಿನ ತೀರ್ಥಯಾತ್ರೆ! ಹುರಿದ ಉಪ್ಪಿನ ಗಂಟಿನ ಶಾಖವಾಯಿತು. ಬನಶಂಕರಿಯಲ್ಲೊಬ್ಬರು ಬಿಸಿ ಎಣ್ಣೆ ಹಚ್ಚಿ ಉಜ್ಜಿದ್ದಾಯಿತು; ಉಜ್ಜಿಸಿಕೊಂಡ ದಿನ ಸ್ವರ್ಗ, ಮಾರನೆಯ ದಿನ ಮತ್ತೆ ಅದೇ ಚಾಪೆ, ಅದೇ ನೋವು. ಮಾರುಕಟ್ಟೆಯ ಮಹಡಿಯೊಂದರಲ್ಲಿ ಬಿಸಿಯಾದ ಕಲ್ಲಿನ ಉರುಳೆಗಳು ಬೆನ್ನಿನುದ್ದಕ್ಕೂ ಓಡಾಡುವ ಮಂಚದ ಮೇಲೆ, ನಲವತ್ತು ಮಂದಿ ಹಿರಿಯರೊಂದಿಗೆ ಸರದಿ ಕಾದು, ದಿನಾ ಬೆಳಿಗ್ಗೆ ಉಚಿತವಾಗಿ ಮಲಗಿ ಬಂದರು. ಮಲಗುವ ಮೊದಲು ಎಲ್ಲರೂ ಚಪ್ಪಾಳೆ ತಟ್ಟಿ 'ನನಗೆ ವಾಸಿಯಾಗಿದೆ' ಎಂದು ಕೂಗಬೇಕಿತ್ತು. ಇವರು ಕೂಗಲಿಲ್ಲ. 'ಆದ್ಮೇಲೆ ಕೂಗ್ತೀನಿ' ಎಂದರಂತೆ. ಕೂಗುವಂಥದ್ದೇನೂ ಆಗಲಿಲ್ಲ. ಗದ್ದಕ್ಕೆ ಪಟ್ಟಿ ಬಿಗಿದು, ರಾಟೆಯಿಂದ ತೂಕ ಇಳಿಬಿಟ್ಟು ಕತ್ತು ಎಳೆಯುವ ಯಂತ್ರಕ್ಕೂ ಹದಿನೈದು ದಿನ ತಲೆ ಕೊಟ್ಟರು. ಎಳೆಸಿಕೊಂಡಷ್ಟು ಹೊತ್ತು ಹಗುರ, ಮೆಟ್ಟಿಲಿಳಿಯುವಷ್ಟರಲ್ಲಿ ಭಾರ.

ಕಡೆಗೆ ಬಂದದ್ದು ಕತ್ತಿನ ಪಟ್ಟಿ. ಜಯನಗರದ ಮೂಳೆ ಡಾಕ್ಟರು ಹತ್ತು ದಿನ ಕಟ್ಟಿಕೊಳ್ಳಲು ಹೇಳಿದ ಆ ಸ್ಪಂಜಿನ ಪಟ್ಟಿಯನ್ನು ಸಿದ್ದಗಂಗಮ್ಮನವರು ಐದು ತಿಂಗಳು ಕಟ್ಟಿಕೊಂಡರು. ಕಾರಣ ಸರಳ: ಪಟ್ಟಿಯಿದ್ದರೆ ತಲೆ ತಾನಾಗಿ ಮುಂದಕ್ಕೆ ಬೀಳುವುದಿಲ್ಲ, ಸೊಂಟದಿಂದ ಬಗ್ಗಿಕೊಂಡು ಇನ್ನೂ ಒಂದು ಗಂಟೆ ಹೆಚ್ಚು ಕೂರಬಹುದು. ಡಾಕ್ಟರು ಕೊಟ್ಟದ್ದು ವಿಶ್ರಾಂತಿಯ ಸಾಧನ, ಇವರು ಅದನ್ನು ದುಡಿಮೆಯ ಹತಾರವನ್ನಾಗಿ ಮಾಡಿಕೊಂಡರು. ಅಷ್ಟಕ್ಕೇ ನಿಲ್ಲದೆ, ಸ್ಪಂಜು ಮೆತ್ತಗಿದೆಯಲ್ಲ ಎಂದು, ದಾರ ಪೋಣಿಸಿದ ಸೂಜಿಗಳನ್ನು ಅದಕ್ಕೇ ಚುಚ್ಚಿಡತೊಡಗಿದರು. ಆರನೆಯ ತಿಂಗಳು ಮಗನೊಂದಿಗೆ ಆಸ್ಪತ್ರೆಗೆ ಹೋದಾಗ ಕತ್ತಿನ ಸುತ್ತ ಏಳು ಸೂಜಿ, ಏಳು ಬಣ್ಣದ ದಾರ ಜೋತಾಡುತ್ತಿದ್ದವು, ತೆಗೆದಿಡಲು ಮರೆತಿದ್ದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರಂತೆ.

'ಏನಮ್ಮಾ ಇದು? ಕತ್ತಿನ ಬೆಲ್ಟೋ, ಸೂಜಿ ಡಬ್ಬಾನೋ?'

'ಕೈಗೆ ಸಿಗ್ಲಿ ಅಂತ ಸಾರ್.'

ಡಾಕ್ಟರು ಅವರೊಡನೆ ಮಾತು ಮುಂದುವರಿಸದೆ ಮಗನ ಕಡೆ ತಿರುಗಿದರು. 'ಮೊದ್ಲು ಈ ಕೆಲ್ಸ ನಿಲ್ಸಿ. ಇಲ್ಲಾಂದ್ರೆ ಆಪರೇಷನ್ ಮಾಡಿ ಅಂತ ನನ್ ಹತ್ರಾನೇ ಬರ್ತೀರ.'

ಮುಂದಿನ ಭಾನುವಾರ ಸೋಮನಾಥ ಅಂಗಡಿಯಿಂದ ಸ್ಕ್ರೂಡ್ರೈವರ್ ತಂದು ಗೇಟಿನ ಹಲಗೆ ಬಿಚ್ಚಿದ. ಅಮ್ಮನ ಫೋನನ್ನು ಕೇಳಿ ಪಡೆದು, ಸೀರೆ ಕೊಡಲು ಕಾದಿದ್ದ ಹನ್ನೊಂದು ಮಂದಿಗೆ 'ಅಮ್ಮ ಇನ್ನು ಮಾಡಲ್ಲ' ಎಂದು ತಾನೇ ತಿಳಿಸಿದ. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ, ಸಾತ್ವಿಕ ಸ್ವಭಾವದ ಗುರುಬಸಪ್ಪನವರು ಹೆಂಡತಿಯ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರು: 'ಬಗ್ಗಿ ಬಗ್ಗಿ ಸವೆದಿದ್ದು ಸಾಕು ಬಿಡು ಗಂಗಾ. ಇನ್ನು ರೆಸ್ಟ್ ತಗೊ.' ತಂದೆ ಮಗ ಇಬ್ಬರೂ ಒಳ್ಳೆಯವರು, ತೊಡಕಿದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಮೊದಲ ದಿನವೇ ಜಗಳವಾಡಿ ಮುಗಿಸಬಹುದಿತ್ತು.

ಇಪ್ಪತ್ತು ದಿನ ಸಿದ್ದಗಂಗಮ್ಮನವರು ರೆಸ್ಟ್ ತೆಗೆದುಕೊಂಡರು. ಟೀವಿಯ ಮುಂದೆ ಕೂತರು, ಕಾಫಿ ಕುಡಿದರು, ಸೊಸೆ ತಂದುಕೊಟ್ಟ ದುಬಾರಿ ದಿಂಬಿನ ಮೇಲೆ ಮಲಗಿದರು. ಬೆರಳುಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಸೋಫಾದ ಹೊದಿಕೆಯಂಚಿನ ಎಳೆಗಳನ್ನು ಚಿಟಿಕೆ ಚಿಟಿಕೆಯಾಗಿ ವಿಂಗಡಿಸುತ್ತಿದ್ದವಂತೆ. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಗಂಡನ ಕಡೆಗೆ ಇಡಿಯಾಗಿ ತಿರುಗಿದರು. 'ನೋವು ಬಿಡುತ್ತೆ, ಕೆಲ್ಸ ಬಿಡು ಅಂದ್ರಿ. ಬಿಟ್ಟೆ. ನೋವು ಬಿಡ್ಲಿಲ್ಲ. ಈಗ ಇನ್ನೇನು ಬಿಡ್ಲಿ ಹೇಳಿ?' ಅಂದೇ ಸಿದ್ದಗಂಗಮ್ಮನವರು ಸ್ವೆಟರು ತೊಟ್ಟು, ಒಬ್ಬರೇ ಬಸ್ಸು ಹತ್ತಿ, ಬನಶಂಕರಿಯ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದರು. ಅದರ ವಿಳಾಸ ಕೊಟ್ಟವನು ನಾನು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನ್ನ ಕತ್ತೂ ಅಲ್ಲಿಯೇ ರಿಪೇರಿಗೆ ಹೋಗುತ್ತಿತ್ತು.

ಅಲ್ಲಿನ ಮೇಘಶ್ರೀಗೆ ಇನ್ನೂ ಮೂವತ್ತು ತುಂಬಿಲ್ಲ. ಸಣ್ಣ ಆಳು, ದೊಡ್ಡ ಸಹನೆ. ಸಿದ್ದಗಂಗಮ್ಮನವರ ಕೈಹಿಡಿತ ಎಷ್ಟು ಗಟ್ಟಿ ಎಂದು ನೋಡಿ, ಬೆರಳು ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿ, ಹಳೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ಪರೀಕ್ಷಿಸಿ, ಕೊನೆಗೆ ಕತ್ತಿನ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟಳು. ಸಿದ್ದಗಂಗಮ್ಮನವರು ಕೋಣೆಯ ನಾಲ್ಕು ಮೂಲೆಯನ್ನೂ ಮೈ ತಿರುಗಿಸಿ ತಿರುಗಿಸಿ ಹುಡುಕಿದರು.

'ಮಿಷಿನ್ ಎಲ್ಲಮ್ಮ?'

'ಬೇಕಾದ್ರೆ ಹತ್ನಿಮಿಷ ಬಿಸಿ ಶಾಖ ಇಡ್ತೀನಿ ಆಂಟಿ, ಹಾಯಾಗಿರುತ್ತೆ. ಆದ್ರೆ ನಿಮ್ಮನ್ನ ಸರಿ ಮಾಡೋದು ಮಿಷಿನ್ ಅಲ್ಲ. ಐದು ತಿಂಗಳು ಬೆಲ್ಟ್ ಹಾಕಿ ಹಾಕಿ ಕತ್ತಿನ ಮಸಲ್ಸ್ ಸೋತ್ಹೋಗಿವೆ. ಅವಕ್ಕೆ ಶಕ್ತಿ ಬರ್ಬೇಕು. ಅದಕ್ಕೆ ಎಕ್ಸರ್ಸೈಜ್ ನೀವೇ ಮಾಡ್ಬೇಕು, ಮೂರು ತಿಂಗಳು, ದಿನಾ.'

'ಕೆಲ್ಸ ಬಿಡ್ಬೇಕಾ?'

'ಯಾಕ್ ಬಿಡ್ಬೇಕು? ಮಾಡೋ ರೀತಿ ಬದಲಾಯಿಸೋಣ.'

ಪರದೆಯ ಈಚೆ ಶಾಖ ಇಡಿಸಿಕೊಂಡು ಮಲಗಿದ್ದ ನನಗೆ ಇದೆಲ್ಲ ಕೇಳಿಸುತ್ತಿತ್ತು. ಒಂಬತ್ತು ವರ್ಷಗಳಲ್ಲಿ ಉಜ್ಜಿದವರು, ಎಳೆದವರು, ಬಿಸಿಮಾಡಿದವರು, ಬೈದವರು ಎಷ್ಟೋ ಮಂದಿ; ಹೀಗೆ ಕೇಳಿದವರು ಒಬ್ಬರೂ ಇರಲಿಲ್ಲ. ಆಮೇಲೆ ಸಿದ್ದಗಂಗಮ್ಮನವರ ಧ್ವನಿ ಬಂತು, 'ಸರಿ' ಎಂದು. ನಾನು 'ಆಗಲ್ಲ' ಎಂಬುದಕ್ಕಾಗಿ ಕಾದೆ. ಅದು ಬರಲಿಲ್ಲ.

ಗದ್ದವನ್ನು ಹಿಂದಕ್ಕೆ ಎಳೆದುಕೊಂಡು ಹತ್ತು ಎಣಿಸುವುದು, ಅಂಗೈಯನ್ನು ಹಣೆಗೆ ಒತ್ತಿ ತಲೆಯಿಂದ ಅದನ್ನು ದೂಡುವುದು, ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ಎರಡು ಕೈಯಿಂದ ಜಗ್ಗುವುದು: ಈ ಮೂರೂ ವ್ಯಾಯಾಮಗಳನ್ನು ಅವರು ಹಾದಿಬೀದಿಯವರಿಗೆಲ್ಲ ಕಾಣುವಂತೆ ಮಾಡತೊಡಗಿದರು. ಆದರೆ ಎರಡು ವಾರವಾದರೂ ನೋವು ಇಳಿಯಲಿಲ್ಲ, ಕೊಂಚ ಏರಿತು. ಕದ್ದುಮುಚ್ಚಿ ಒಂದು ಸೀರೆ ಹಿಡಿದು ಕೂತರೆ ಅರ್ಧ ಗಂಟೆಗೇ ಕಣ್ಣಲ್ಲಿ ನೀರು. ಅವರು ಕ್ಲಿನಿಕ್ಕಿಗೆ ಜಗಳಕ್ಕೇ ಹೋದರು. ಮೇಘಶ್ರೀ ವಾದಿಸದೆ, 'ನಾಳೆ ಬೆಳಿಗ್ಗೆ ಮನೆಗೆ ಬರ್ತೀನಿ ಆಂಟಿ, ನೀವು ಕೂರೋದು ನೋಡ್ಬೇಕು' ಎಂದಳು.

ಅಂದು ನಡೆದದ್ದನ್ನು ಮೇಘಶ್ರೀಯೇ ನನಗೆ ಹೇಳಿದ್ದು. ಅವಳು ಹೋದಾಗ ಸಿದ್ದಗಂಗಮ್ಮನವರು ಲಿಂಗಪೂಜೆಗೆ ಕುಳಿತಿದ್ದರು. ಹುಡುಗಿ ಬಾಗಿಲ ಬಳಿ ಸುಮ್ಮನೆ ನಿಂತಳು. ಮಣೆಯ ಮೇಲೆ ಬೆನ್ನು ನೇರ; ತೊಡೆಯ ಮೇಲಿನ ದಿಂಬಿಗೆ ಎಡ ಮೊಣಕೈ ಆನಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕಣ್ಣಿನ ನೇರಕ್ಕೆ ಎತ್ತಿ ಹಿಡಿದಿದ್ದರು. ರೆಪ್ಪೆ ಅರ್ಧ ಮುಚ್ಚಿ, ನೋಟ ಅದರಲ್ಲೇ ನೆಟ್ಟು, ಇಪ್ಪತ್ತು ನಿಮಿಷ ಅಲುಗದೆ ಕುಳಿತಿದ್ದರು. ಹೆಗಲು ಸಡಿಲ, ಮುಖ ಪ್ರಶಾಂತ. ಪೂಜೆ ಮುಗಿದು ಲಿಂಗ ತನ್ನ ಪುಟ್ಟ ಸಂಪುಟವಾದ ಕರಡಿಗೆಯೊಳಗೆ ಸೇರಿದ ಮೇಲೆ ಅವಳು ಕೇಳಿದಳು.

'ಆಂಟಿ, ಈಗ ಕತ್ತು ನೋಯ್ತಾ?'

'ಪೂಜೇಲಿ ಎಲ್ಲಿಯ ನೋವಮ್ಮ?'

'ಅಲ್ಲಿ ನೀವು ಬಗ್ಗೋದೇ ಇಲ್ಲ. ಕೈನ ಕಣ್ಣಿನ ಹತ್ರ ತರ್ತೀರ. ಸೀರೆಗೆ ಮಾತ್ರ ಯಾಕೆ ಕಣ್ಣನ್ನ ತಗೊಂಡ್ಹೋಗಿ ಮೊಣಕಾಲಿಗೆ ಹಾಕ್ತೀರ?'

ಸಿದ್ದಗಂಗಮ್ಮನವರು ಕೆರಳಿದರು. 'ಲಿಂಗಾನೂ ಸೀರೇನೂ ಒಂದೇ ಅಂತೀಯೇನೇ? ಏನು ಮಾತು ಅಂತ ಆಡ್ತೀಯ!' ಹುಡುಗಿ, ತನಗೆ ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಬಂದಳಂತೆ. ಎರಡು ದಿನ ಅವರು ಯಾರೊಂದಿಗೂ ಸರಿಯಾಗಿ ಮಾತನಾಡಲಿಲ್ಲ. ಇಪ್ಪತ್ತೇಳು ವರ್ಷ ಪ್ರತಿ ಬೆಳಿಗ್ಗೆ ಒಂದು ಹದದಲ್ಲಿ ಕುಳಿತು, ಪೂಜೆ ಮುಗಿದ ಮರುಕ್ಷಣವೇ ಅದಕ್ಕೆ ತದ್ವಿರುದ್ಧವಾಗಿ ಮುದುಡಿ, ಆ ಎರಡು ಭಂಗಿಗಳ ನಡುವೆ ಇದ್ದದ್ದು ಹತ್ತೇ ಹೆಜ್ಜೆ ಎಂಬುದನ್ನು ತಾವು ಕಾಣಲಿಲ್ಲವಲ್ಲ ಎಂದು ಅವರಿಗೆ ಸಿಟ್ಟು. ಪೂಜೆಗೆ ಮೈ ನೆಟ್ಟಗಿರಬೇಕು, ದುಡಿಮೆಗೆ ಮೈ ಬಗ್ಗಲೇಬೇಕು ಎಂದು ಯಾರು ಹೇಳಿದ್ದರು? ಯಾರೂ ಹೇಳಿರಲಿಲ್ಲ. ಮೂರನೆಯ ದಿನ ಬೂತಿನ ಮುಂದೆ ನನ್ನತ್ತ ತಿರುಗಿ ಇಷ್ಟೇ ಹೇಳಿದರು: 'ಆ ಹುಡುಗಿ ಹೇಳಿದ್ರಲ್ಲಿ ತಪ್ಪಿಲ್ಲ ಮೇಷ್ಟ್ರೇ. ಕಾಯಕ ಅಂತ ಬಾಯಲ್ಲಿ ಹೇಳ್ತಾ, ಅದನ್ನ ಕಾಲಡಿ ಹಾಕ್ಕೊಂಡು ಕೂತಿದ್ದೆ.'

ಅಂದು ಮಧ್ಯಾಹ್ನವೇ ಅವರು ಸಾರಕ್ಕಿಯ ಮಗನ ಅಂಗಡಿಗೆ ಹೋದರು. ಎರಡು ಕಬ್ಬಿಣದ ಪೈಪು, ಒಂದು ಕರ್ಟನ್ ಕಂಬಿ, ನಾಲ್ಕು ಕ್ಲ್ಯಾಂಪು ಬೇಕೆಂದರು. ಸೋಮನಾಥನಿಗೆ ವಾಸನೆ ಹತ್ತಿತು.

'ಯಾಕಮ್ಮ? ಮತ್ತೆ ಕುಚ್ಚಾ? ಡಾಕ್ಟ್ರು ಏನಂದ್ರು ಮರ್ತ್ಹೋಯ್ತಾ? ನಾನ್ ಕೊಡಲ್ಲ.'

'ಸರಿ' ಎಂದರು ತಾಯಿ. ನಂತರ ಇಡೀ ದೇಹವನ್ನು ತಿರುಗಿಸಿ, ಸಾರಕ್ಕಿಯ ಆ ಗದ್ದಲದಲ್ಲಿ ಆಟೋ ಬಸ್ಸುಗಳನ್ನೆಲ್ಲ ಒಂದು ಕೈ ಅಡ್ಡ ಹಿಡಿದು ನಿಲ್ಲಿಸುತ್ತ ರಸ್ತೆ ದಾಟಿ, ಎದುರಿನ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲು ಹತ್ತಿದರು. ಹತ್ತು ವರ್ಷದಿಂದ ಸೋಮನಾಥನಿಗೆ ಪೈಪೋಟಿಯಾಗಿ ನಿಂತಿದ್ದ ಅಂಗಡಿ ಅದು. ಸ್ವಂತ ತಾಯಿ ಅಲ್ಲಿ ಪೈಪು ಕೊಳ್ಳುವುದನ್ನು ಇಡೀ ಮಾರುಕಟ್ಟೆ ನೋಡಿದರೆ ಉಳಿಯುವುದೇನು? ಅವನು ಓಡಿಬಂದು, ಕೈ ಹಿಡಿದು ಕರೆದೊಯ್ದು, ಮಾತಿಲ್ಲದೆ ಪೈಪು ಅಳತೆ ಮಾಡಿ ಕತ್ತರಿಸಿದ.

ಹೀಗೆ ಹುಟ್ಟಿತು ಆ ಚೌಕಟ್ಟು. ಅದರ ಕಂಬಿಗೆ ಸೆರಗಿನ ತುದಿಯನ್ನು ಕ್ಲಿಪ್ಪಿನಿಂದ ಸಿಕ್ಕಿಸಿದರೆ ಎಳೆಗಳು ಕುರ್ಚಿಯಲ್ಲಿ ಕೂತವರ ಮುಖದೆದುರಿಗೆ ಬರುತ್ತವೆ. ಮೊಣಕೈಗಳ ಕೆಳಗೆ ದಿಂಬು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಗೇಟಿನವರೆಗೆ ಒಂದು ನಡಿಗೆ, ಕಿಟಕಿಯ ರಬ್ಬರು ಹತ್ತು ಸಲ. ಮೊದಲ ತಿಂಗಳು ಬೆರಳುಗಳಿಗೆ ಹೊಸ ದಿಕ್ಕು ಒಗ್ಗದೆ, ಕಟ್ಟಿದ ಕುಚ್ಚನ್ನೆಲ್ಲ ಅವರೇ ಬಿಚ್ಚಿದರು. ಬಿಚ್ಚಿ ಮತ್ತೆ ಕಟ್ಟಿದರು. ಮೂರನೆಯ ತಿಂಗಳ ಹೊತ್ತಿಗೆ ರಾತ್ರಿ ನಿದ್ದೆ ಬರತೊಡಗಿತು, ಪಕ್ಕಕ್ಕೆ ಕರೆದರೆ ಕತ್ತು ಅರ್ಧಕ್ಕರ್ಧ ತಿರುಗತೊಡಗಿತು. ನೋವು ಪೂರ್ತಿ ಹೋಗಿದೆ ಎಂದು ನಾನು ಸುಳ್ಳು ಹೇಳಲಾರೆ. ಮೋಡ ಕವಿದ ದಿನ ಅದು ಬರುತ್ತದೆ. ಬಂದು ಒಂದು ಮೂಲೆಯಲ್ಲಿ ಕೂರುತ್ತದೆ, ಮೊದಲಿನಂತೆ ಮನೆಯ ಯಜಮಾನಿಕೆ ನಡೆಸುವುದಿಲ್ಲ.

ಆಗ ಬಂತು ನಿಜವಾದ ಗಂಡಾಂತರ. ಹಿಂದಿನ ದಿನದ ಪೇಪರು ಹಿಂತಿರುಗಿಸಲು ನಾನು ಅವರ ಮನೆಗೆ ಹೋಗಿದ್ದ ಒಂದು ಭಾನುವಾರ, ಸೋಮನಾಥ ಅಮ್ಮನ ಮುಂದೆ ಕುಳಿತು ಅತ್ಯಂತ ಸಂತೋಷದಿಂದ ಹೇಳುತ್ತಿದ್ದ: 'ಅಂತೂ ಕತ್ತು ಸರಿಹೋಯ್ತಲ್ಲಮ್ಮ, ಅಷ್ಟು ಸಾಕು. ಈಗ್ಲಾದ್ರೂ ಇದನ್ನ ನಿಲ್ಸಿಬಿಡು, ಮತ್ತೆ ತಿರುಗಿ ಬರ್ದೇ ಇರ್ಲಿ. ಆರಾಮಾಗಿರು.' ಗುರುಬಸಪ್ಪನವರೂ ತಲೆದೂಗಿದರು. ಆ ದನಿಯಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

ಸಿದ್ದಗಂಗಮ್ಮನವರು ಕೈಯಲ್ಲಿದ್ದ ಕ್ರೋಶಾ ಕಡ್ಡಿಯನ್ನು ಕೆಳಗಿಟ್ಟರು. ಈ ಸಲ 'ಸರಿ' ಎನ್ನಲೂ ಇಲ್ಲ.

'ನೋವಿದ್ದಾಗ, ನೋವಿದೆ ಬಿಡು ಅಂದ್ರಿ. ಈಗ ಕಮ್ಮಿಯಾಗಿದೆ, ಕಮ್ಮಿಯಾಗಿದೆ ಬಿಡು ಅಂತೀರ. ನಾನು ನನ್ ಕೆಲ್ಸ ಮಾಡ್ಬೇಕಂದ್ರೆ ಕತ್ತು ಎಷ್ಟು ನೋಯ್ಬೇಕೋ ನೀವೇ ಹೇಳ್ಬಿಡಿ. ಅಷ್ಟೇ ನೋಯಿಸ್ಕೋತೀನಿ.'

ನಾನು ಕೈಯಲ್ಲಿದ್ದ ಪೇಪರನ್ನು ಸುಮ್ಮನೆ ಮಡಚುತ್ತ ನಿಂತೆ. ನನ್ನ ಹೆಂಡತಿಗೆ ನಾನು ಯಾವ ಯಾವ ಕೆಲಸಗಳನ್ನು ಪ್ರೀತಿಯಿಂದ ಬಿಡಿಸಿದ್ದೆನೋ ಅವೆಲ್ಲ ಒಂದೊಂದಾಗಿ ನೆನಪಾದವು. ಕೊನೆಗೆ ಎದ್ದವರು ಗುರುಬಸಪ್ಪನವರು. ಒಳಗೆ ಹೋಗಿ, ಮಂಚದಡಿಯಿಂದ ಹಸಿರು ತಗಡಿನ ಹಲಗೆಯನ್ನು ಎಳೆದು ತಂದು, ಹೆಗಲ ಮೇಲಿನ ಟವೆಲಿನಿಂದ ಅದರ ಧೂಳು ಒರೆಸಿದರು. ಹೆಂಡತಿಯ ಹೆಸರಿನ ಮೇಲೆ ಎರಡು ಸಲ ಒರೆಸಿದರು. ಸೋಮನಾಥ ತಾನೇ ಹಾಕುತ್ತೇನೆಂದು ಮುಂದೆ ಬಂದರೆ ತಾಯಿ ಸ್ಕ್ರೂಡ್ರೈವರನ್ನು ಅವನ ಕೈಯಿಂದ ತೆಗೆದುಕೊಂಡರು. ಗಂಡ ಹಲಗೆ ಹಿಡಿದರು, ಹೆಂಡತಿ ತಿರುಪು ತಿರುಗಿಸಿದರು. ಮೊದಲಿಗಿಂತ ಒಂದಡಿ ಕೆಳಗೆ, ತಮ್ಮ ಕಣ್ಣಿನ ನೇರಕ್ಕೆ ಹಾಕಿಕೊಂಡರು.

ಇಂಥ ಹೆಂಗಸರು ಈ ಊರಿನ ಅಡ್ಡರಸ್ತೆಗಳಲ್ಲಿ ಬಹಳ ಮಂದಿ ಇದ್ದಾರೆ; ಕುಚ್ಚು ಕಟ್ಟುವವರು, ಹಪ್ಪಳ ಒತ್ತುವವರು, ಸಂಗೀತ ಹೇಳಿಕೊಡುವವರು, ಹೂ ಕಟ್ಟುವವರು. ಅವರ ಸೊಂಟವೋ ಕತ್ತೋ ಮೊಣಕಾಲೋ ಒಂದು ದಿನ ಮುಷ್ಕರ ಹೂಡುತ್ತದೆ, ಮನೆಮಂದಿಯೆಲ್ಲ ದಿಂಬು ಹಿಡಿದು ಸುತ್ತುವರಿಯುತ್ತಾರೆ, ಅಕ್ಕರೆಯ ಆ ಮುತ್ತಿಗೆಯಲ್ಲಿ ಅವರ ಕೈಯ ಕೆಲಸ ಸದ್ದಿಲ್ಲದೆ ಕಳೆದುಹೋಗುತ್ತದೆ. ಹೆಚ್ಚಿನವರು ಮೆತ್ತಗಾಗಿ ಸೋಫಾದ ಮೇಲೆ ಕೂತುಬಿಡುತ್ತಾರೆ. ಕೆಲವರು ಕೂರುವುದಿಲ್ಲ, ಅವರನ್ನು ನಾವು ಹಟಮಾರಿಗಳೆಂದು ಕರೆಯುತ್ತೇವೆ. 'ಸಾಕು ಬಿಡಿ' ಎಂದು ಅವರಿಗೆ ಹೇಳುವವರು ನಾವೆಲ್ಲರೂ. ಅವರಿಗೆ ಸಾಕಾಗಿದೆಯೇ ಎಂದು ಕೇಳಿದವರು ಮಾತ್ರ ಯಾರೂ ಇಲ್ಲ.